ಎಲೆ ಹಿಂಡಿದ ರಸ ನೋಡಿ ಕುಂಡಕ್ಕೆ ಸುಣ್ಣ ಹಾಕಬೇಕಾ?

ಪ್ರಶ್ನೆ: ಕುಂಡಗಳಲ್ಲಿ ಟೊಮೆಟೊ, ಮೆಣಸಿನ ಗಿಡ ಮತ್ತು ದಾಸವಾಳ ಬೆಳೆಸುತ್ತಿದ್ದೇನೆ. ಕೆಂಪು ಮಣ್ಣು, ಕೋಕೋಪೀಟ್, ಮನೆಯಲ್ಲೇ ಎರಡು ತಿಂಗಳಲ್ಲಿ ಮಾಡಿದ ಕಾಂಪೋಸ್ಟ್, ಮೂರನ್ನೂ ಸಮಪಾಲು ಬೆರೆಸಿ ತುಂಬಿದ್ದೆ. ಶುರುವಿನಲ್ಲಿ ಗಿಡಗಳು ಚೆನ್ನಾಗಿದ್ದವು. ಈಗ ಚಿಗುರೆಲೆಗಳು ಹಳದಿಯಾಗುತ್ತಿವೆ, ನರಗಳು ಮಾತ್ರ ಹಸಿರಾಗಿವೆ. ಕುಂಡದಲ್ಲಿ ಮಣ್ಣು ನಾಲ್ಕು ಬೆರಳಷ್ಟು ಕುಸಿದಿದೆ. ದಿನಾ ಬೋರ್ ನೀರು ಹಾಕುತ್ತೇನೆ, ಕುಂಡದ ಅಂಚಿನಲ್ಲಿ ಬಿಳಿ ಪುಡಿ ಕಟ್ಟಿದೆ. ಗಿಡದ ರಸದ ಪಿಎಚ್ 6.4 ಇದ್ದರೆ ಮಾತ್ರ ಗಿಡ ಆರೋಗ್ಯವಾಗಿರುತ್ತದೆ ಅಂತ ಒಂದು ವಿಡಿಯೊದಲ್ಲಿ ಕೇಳಿದೆ. ಟೊಮೆಟೊ ಎಲೆ ಹಿಂಡಿ ಪಿಎಚ್ ಪಟ್ಟಿಯಲ್ಲಿ ನೋಡಿದರೆ 5.8ರಷ್ಟು ಬಂತು. ರಸ ಹುಳಿಯಾಗಿದೆ, ಮಣ್ಣಿಗೆ ಸುಣ್ಣ ಹಾಕಿ ಅಂತ ಗೆಳೆಯರೊಬ್ಬರು ಹೇಳುತ್ತಿದ್ದಾರೆ. ಹಾಕಲಾ? ಎಷ್ಟು ಹಾಕಲಿ?

ಉತ್ತರ: ಹಾಕಬೇಡಿ. ಒಂದು ಚಮಚವೂ ಬೇಡ. ನೀವು ಹೇಳಿರುವ ಹಳದಿ ಚಿಗುರು, ಬಿಳಿ ಪುಡಿ, ಕುಸಿದ ಮಣ್ಣು, ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರೆ ತೊಂದರೆ ಇರುವುದು ಬೇರಿನ ಸುತ್ತ. ಅಲ್ಲಿ ಹುಳಿ ಜಾಸ್ತಿಯಾಗಿಲ್ಲ, ಕಡಿಮೆಯಾಗಿದೆ. ಸುಣ್ಣ ಹಾಕಿದರೆ ಅದು ಇನ್ನಷ್ಟು ಕೆಡುತ್ತದೆ. ಆದರೆ ಆ 5.8 ನಿಮ್ಮ ತಲೆಯಲ್ಲಿ ಕೂತುಬಿಟ್ಟಿದೆ ಅಂತ ಕಾಣುತ್ತದೆ. ಮೊದಲು ಅದರ ಲೆಕ್ಕ ಮುಗಿಸೋಣ. ಪಿಎಚ್ 7 ಅಂದರೆ ತಟಸ್ಥ, ಅದಕ್ಕಿಂತ ಕಡಿಮೆಯಾದಷ್ಟೂ ಹುಳಿ, ಜಾಸ್ತಿಯಾದಷ್ಟೂ ಕ್ಷಾರ.

ಗಿಡದೊಳಗೆ ಇರುವುದು ಒಂದೇ ರಸ ಅಲ್ಲ. ಬೇರಿನಿಂದ ಮೇಲಕ್ಕೆ ನೀರು ಮತ್ತು ಖನಿಜ ಸಾಗಿಸುವ ಕ್ಸೈಲಂ ಕೊಳವೆಗಳ ರಸ ತುಸು ಹುಳಿ. ಅದರ ಪಿಎಚ್ ಸಾಮಾನ್ಯವಾಗಿ 5ರಿಂದ 6.5. ಎಲೆಯಲ್ಲಿ ತಯಾರಾದ ಸಕ್ಕರೆಯನ್ನು ಕಾಯಿಗೆ, ಬೇರಿಗೆ ಒಯ್ಯುವ ಫ್ಲೋಯಂ ರಸ ಕ್ಷಾರದ ಕಡೆಗಿರುತ್ತದೆ, 7.3ರಿಂದ 8.5ರ ತನಕ. ಜೀವಕೋಶದ ಒಳಗೆ ಹೋದರೆ ಕೋಶದ್ರವ್ಯ 7.2ರಿಂದ 7.5. ಅದೇ ಕೋಶದ ನಡುವೆ ನೀರು ತುಂಬಿದ ರಸದಾನಿ ಇದೆ. ಅದು ಹುಳಿ, ಬಹಳಷ್ಟು ಗಿಡಗಳಲ್ಲಿ 5ರಿಂದ 6. ಬಲಿತ ಕೋಶದಲ್ಲಿ ಜಾಗದ ಬಹುಪಾಲು ಈ ರಸದಾನಿಯದೇ. ನೀವು ಎಲೆ ಹಿಂಡಿದಾಗ ಎಲ್ಲ ಗೋಡೆಗಳೂ ಒಡೆದು ಎಲ್ಲ ರಸಗಳೂ ಬೆರೆಯುತ್ತವೆ. ಪಟ್ಟಿಯ ಮೇಲೆ ಬೀಳುವ ಹನಿಯಲ್ಲಿ ಜಾಸ್ತಿ ಇರುವುದು ರಸದಾನಿಯ ನೀರು. ಹಾಗಾಗಿ 5.8 ಬಂದದ್ದರಲ್ಲಿ ಏನೂ ವಿಶೇಷ ಇಲ್ಲ.

6.4ರ ಮಾತು ಎಲ್ಲಿಂದ ಬಂತು? ಕೆಲವು ಬೇಸಾಯ ಸಲಹೆಗಾರರು ಇದನ್ನು ಬಹಳ ವರ್ಷಗಳಿಂದ ಹೇಳುತ್ತಾ ಬಂದಿದ್ದಾರೆ. ರಸ 6.4ಕ್ಕಿಂತ ಮೇಲೆ ಹೋದರೆ ಕೀಟ ಬರುತ್ತದೆ, ಕೆಳಗೆ ಹೋದರೆ ರೋಗ ಬರುತ್ತದೆ ಅನ್ನುವುದು ಅವರ ವಾದ. ಕೇಳಲು ಅಚ್ಚುಕಟ್ಟಾಗಿದೆ. ಆದರೆ ಎಲ್ಲ ಗಿಡಗಳಿಗೂ ಒಂದೇ ಸಂಖ್ಯೆ ಹೇಗೆ ಹೊಂದುತ್ತದೆ? ನಿಂಬೆಹಣ್ಣಿನ ರಸದಾನಿಯ ಪಿಎಚ್ 2ರಿಂದ 2.5. ನಿಂಬೆಗಿಡಕ್ಕೆ ಅದು ರೋಗವೇ? ಬಿಗೋನಿಯಾ ಎಲೆ ಹಿಂಡಿದರೆ ರಸ ತೀರಾ ಹುಳಿ, ಗಿಡ ಆರಾಮಾಗಿರುತ್ತದೆ.

ಒಂದೇ ಗಿಡದಲ್ಲೂ ದಿನವಿಡೀ ಒಂದೇ ಸಂಖ್ಯೆ ಇರುವುದಿಲ್ಲ. ಎಲೆಯ ಅಂಚಿನಿಂದ ಮರಿ ಹುಟ್ಟುವ ಕಾಡುಬಸಳೆ ಗೊತ್ತಲ್ವಾ? ಅದರ ಎಲೆ ಬೆಳಗ್ಗೆ ಹುಳಿ, ಮಧ್ಯಾಹ್ನಕ್ಕೆ ಸಪ್ಪೆ, ಸಂಜೆಗೆ ತುಸು ಕಹಿ ಎಂದು ಬೆಂಜಮಿನ್ ಹೇನ್ ಎಂಬ ಸಸ್ಯಶಾಸ್ತ್ರಜ್ಞ ಸುಮ್ನೆ ಅಗಿದು ನೋಡಿಯೇ ಕಂಡುಕೊಂಡಿದ್ದ. ಅವನ ಬರಹ ಲಂಡನ್ನಿನ ಲಿನಿಯನ್ ಸೊಸೈಟಿಯ ಪತ್ರಿಕೆಯಲ್ಲಿ 1815ರಲ್ಲಿ ಅಚ್ಚಾಯಿತು. ಆ ಜಾತಿಯ ಗಿಡಗಳು ರಾತ್ರಿ ಇಂಗಾಲದ ಡೈಆಕ್ಸೈಡ್ ಹೀರಿ ಮಾಲಿಕ್ ಆಮ್ಲವಾಗಿ ರಸದಾನಿಯಲ್ಲಿ ಕೂಡಿಡುತ್ತವೆ, ಹಗಲು ಖರ್ಚು ಮಾಡುತ್ತವೆ. ಟೊಮೆಟೊದಲ್ಲಿ ಇಷ್ಟು ಏರಿಳಿತ ಇಲ್ಲ. ಆದರೂ ಯಾವ ಎಲೆ, ಎಷ್ಟು ಹೊತ್ತಿಗೆ, ನೀರು ಹಾಕಿ ಎಷ್ಟು ಹೊತ್ತಾಯಿತು ಅನ್ನುವುದರ ಮೇಲೆ ಅಳತೆ ಬದಲಾಗುತ್ತದೆ. ಮಣ್ಣು ಒಣಗಿದಾಗ ಟೊಮೆಟೊ ಸೇರಿ ಹಲವು ಗಿಡಗಳಲ್ಲಿ ಕ್ಸೈಲಂ ರಸದ ಪಿಎಚ್ ಏರುತ್ತದೆ. ಎಲೆಯ ರಂಧ್ರ ಮುಚ್ಚಿಕೊಂಡು ನೀರು ಉಳಿಸಲು ಗಿಡಕ್ಕೆ ಅದು ಒಂದು ಸೂಚನೆಯೂ ಹೌದು. ಅಂದರೆ ನೀವು ನೀರು ಹಾಕುವುದನ್ನು ಮರೆತ ದಿನ ಅಳೆದಿದ್ದರೆ ಬೇರೆಯೇ ಸಂಖ್ಯೆ ಬರಬಹುದಿತ್ತು. ಅದರ ಮೇಲೆ ಹಸಿರು ರಸದ ಬಣ್ಣ ಪಟ್ಟಿಯ ಬಣ್ಣವನ್ನೇ ಮುಚ್ಚಿಬಿಡುತ್ತದೆ. 5.8 ಮತ್ತು 6.4ರ ವ್ಯತ್ಯಾಸವನ್ನು ಅದರಲ್ಲಿ ಕಣ್ಣಿನಿಂದ ಓದಿದ್ದೇನೆ ಅಂತ ಯಾರಾದರೂ ಹೇಳಿದರೆ ನಾನಂತೂ ನಂಬುವುದಿಲ್ಲ.

ಕೊನೆಯದಾಗಿ, ಮಣ್ಣಿಗೆ ಸುಣ್ಣ ಹಾಕಿ ಕೋಶದೊಳಗಿನ ಪಿಎಚ್ ತಿರುಗಿಸಲು ಆಗುವುದಿಲ್ಲ. ಅದನ್ನು ಗಿಡ ತನ್ನದೇ ಪಂಪುಗಳಿಂದ ಬಿಗಿಯಾಗಿ ಕಾಯ್ದುಕೊಳ್ಳುತ್ತದೆ. ಮಣ್ಣಿನ ಪಿಎಚ್ ಕೆಲಸ ಮಾಡುವುದು ಬೇರಿನ ಹೊರಗೆ. ಯಾವ ಖನಿಜ ನೀರಿನಲ್ಲಿ ಕರಗಿ ಬೇರಿಗೆ ಸಿಗುತ್ತದೆ, ಯಾವುದು ಸಿಗುವುದಿಲ್ಲ ಅನ್ನುವುದನ್ನು ಅದು ತೀರ್ಮಾನಿಸುತ್ತದೆ.

ಹಾಗಂತ ರಸ ಪರೀಕ್ಷೆಯೇ ದಂಡ ಅಂತಲ್ಲ. ಆಲೂಗಡ್ಡೆ, ಟೊಮೆಟೊ ಮುಂತಾದ ಬೆಳೆಗಳಲ್ಲಿ ಎಲೆತೊಟ್ಟಿನ ರಸ ಹಿಂಡಿ ನೈಟ್ರೇಟ್ ಮತ್ತು ಪೊಟ್ಯಾಶಿಯಂ ಅಳೆಯುವುದು ಒಳ್ಳೆಯ ವಿಧಾನ. ಅಲ್ಲಿ ಹೊಸದಾಗಿ ಬಲಿತ ಎಲೆಯನ್ನೇ ಆರಿಸುತ್ತಾರೆ, ದಿನದ ಒಂದೇ ಹೊತ್ತಿಗೆ ಕೀಳುತ್ತಾರೆ, ಹಲವು ಗಿಡಗಳ ತೊಟ್ಟುಗಳನ್ನು ಸೇರಿಸುತ್ತಾರೆ, ಬೆಳೆಯ ಹಂತಕ್ಕೆ ತಕ್ಕ ಕೋಷ್ಟಕದ ಜೊತೆ ಹೋಲಿಸುತ್ತಾರೆ. ನಾಲ್ಕಾರು ಕುಂಡ ಇಟ್ಟುಕೊಂಡವರಿಗೆ ಇದರ ಅಗತ್ಯ ಇಲ್ಲ.

ಈಗ ನಿಮ್ಮ ಹಳದಿ ಚಿಗುರಿಗೆ ಬರೋಣ. ಹಳದಿ ಎಲ್ಲಿ ಶುರುವಾಯಿತು ಅನ್ನುವುದೇ ದೊಡ್ಡ ಸುಳಿವು. ಸಾರಜನಕ ಕಡಿಮೆಯಾದರೆ ಗಿಡ ಹಳೆಯ ಎಲೆಯಿಂದ ಅದನ್ನು ಎಳೆದು ಹೊಸ ಎಲೆಗೆ ಕೊಡುತ್ತದೆ. ಹಾಗಾಗಿ ಕೆಳಗಿನ ಎಲೆ ಇಡಿಯಾಗಿ ಹಳದಿಯಾಗುತ್ತದೆ. ಮೆಗ್ನೀಶಿಯಂ ಕೊರತೆಯಲ್ಲಿ ನರಗಳ ನಡುವೆ ಹಳದಿ ಬರುತ್ತದೆ, ಆದರೆ ಅದೂ ಕೆಳಗಿನ ಎಲೆಗಳಲ್ಲೇ. ಕಬ್ಬಿಣ ಹಾಗಲ್ಲ. ಒಮ್ಮೆ ಎಲೆಯಲ್ಲಿ ಸೇರಿದ ಕಬ್ಬಿಣ ಸುಲಭವಾಗಿ ಕದಲುವುದಿಲ್ಲ. ಆದ್ದರಿಂದ ಅದರ ಕೊರತೆ ಮೊದಲು ಕಾಣುವುದು ಚಿಗುರಿನಲ್ಲಿ, ಹಸಿರು ನರಗಳ ಜಾಲದ ನಡುವೆ ಹಳದಿಯಾಗಿ. ನೀವು ಬರೆದಿರುವುದು ಅದನ್ನೇ.

ತಮಾಷೆ ಅಂದರೆ ನಿಮ್ಮ ಕುಂಡದಲ್ಲಿ ಕಬ್ಬಿಣಕ್ಕೆ ಬರ ಇಲ್ಲ. ಕೆಂಪು ಮಣ್ಣಿಗೆ ಆ ಬಣ್ಣ ಬಂದಿರುವುದೇ ಕಬ್ಬಿಣದ ಆಕ್ಸೈಡಿನಿಂದ. ಇದೆ, ಆದರೆ ಕರಗುತ್ತಿಲ್ಲ. ಪಿಎಚ್ ಒಂದು ಅಂಕ ಏರಿದರೆ ನೀರಿನಲ್ಲಿ ಕರಗಿರುವ ಫೆರಿಕ್ ಕಬ್ಬಿಣ ಸಾವಿರ ಪಟ್ಟು ಇಳಿಯುತ್ತದೆ. 6ರಿಂದ 7.5ಕ್ಕೆ ಹೋದರೆ ಏನಾಗುತ್ತದೆ ಅಂತ ನೀವೇ ಊಹಿಸಿ. ಟೊಮೆಟೊ, ಮೆಣಸಿನಂಥ ಗಿಡಗಳು ಇದಕ್ಕೆ ಒಂದು ಉಪಾಯ ಮಾಡಿಕೊಂಡಿವೆ. ಕಬ್ಬಿಣ ಸಾಲದೆ ಬಂದಾಗ ಬೇರು ತನ್ನ ಸುತ್ತ ಆಮ್ಲ ಹೊರಹಾಕಿ ಅದನ್ನು ಕರಗಿಸಿಕೊಳ್ಳುತ್ತದೆ. ಆದರೆ ಅದಕ್ಕೆ ಶಕ್ತಿ ಬೇಕು, ಶಕ್ತಿಗೆ ಬೇರಿನ ಬಳಿ ಗಾಳಿ ಬೇಕು. ಇನ್ನೊಂದು ಕಡೆ, ನೀರಿನಲ್ಲಿ ಕರಗಿರುವ ಬೈಕಾರ್ಬೊನೇಟ್ ಎಂಬ ಕ್ಷಾರದ ಅಂಶ ಆ ಆಮ್ಲವನ್ನು ಅಲ್ಲಿಂದಲ್ಲಿಗೆ ತಟಸ್ಥ ಮಾಡಿಬಿಡುತ್ತದೆ. ನಿಮ್ಮಲ್ಲಿ ಎರಡೂ ಅಡ್ಡಿ ಇರುವಂತೆ ಕಾಣುತ್ತದೆ.

ಮೊದಲು ನೀರು. ಅಂಚಿನ ಬಿಳಿ ಪುಡಿ ಹೆಚ್ಚಾಗಿ ಕ್ಯಾಲ್ಸಿಯಂ ಕಾರ್ಬೊನೇಟ್. ಜೊತೆಗೆ ಬೇರೆ ಉಪ್ಪುಗಳೂ ಇರಬಹುದು. ಸ್ವಲ್ಪ ಕೆರೆದು ಅದರ ಮೇಲೆ ವಿನೆಗರ್ ಹಾಕಿ ನೋಡಿ. ನೊರೆ ಎದ್ದರೆ ಅದು ಸುಣ್ಣದ ಅಂಶ. ಗೊಬ್ಬರದ ಉಪ್ಪಾದರೆ ಸುಮ್ಮನೆ ಕರಗುತ್ತದೆ. ಇಲ್ಲಿ ಬಹಳ ಜನ ನೀರಿನ ಪಿಎಚ್ ನೋಡುತ್ತಾರೆ. ನೋಡಬೇಕಾದದ್ದು ಅದರ ಕ್ಷಾರತೆ, ಅಂದರೆ ಎಷ್ಟು ಆಮ್ಲವನ್ನು ಆ ನೀರು ನುಂಗಬಲ್ಲದು ಅನ್ನುವುದು. ಪಿಎಚ್ 8 ಇರುವ ಎರಡು ನೀರಿನಲ್ಲಿ ಒಂದು ಕುಂಡಕ್ಕೆ ಏನೂ ಮಾಡದೆ ಇರಬಹುದು, ಇನ್ನೊಂದು ಮೂರು ತಿಂಗಳಲ್ಲಿ ಕೆಡಿಸಬಹುದು. ನೀರಿನ ಪರೀಕ್ಷಾ ವರದಿಯಲ್ಲಿ ಒಟ್ಟು ಕ್ಷಾರತೆ ಅಂತಲೇ ಇರುತ್ತದೆ, ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ. ಮೀನಿನ ತೊಟ್ಟಿಯವರು ಬಳಸುವ ಹನಿ ಪರೀಕ್ಷೆಯ ಕಿಟ್ಟಿನಿಂದಲೂ ಸಾಕಷ್ಟು ಸರಿಯಾಗಿ ತಿಳಿಯುತ್ತದೆ. ಲೀಟರಿಗೆ 100 ಮಿಲಿಗ್ರಾಂ ಒಳಗಿದ್ದರೆ ಚಿಂತೆ ಬೇಡ. 150 ದಾಟಿದರೆ ಕುಂಡದ ಗಿಡಗಳಿಗೆ ಏನಾದರೂ ಮಾಡಲೇಬೇಕು.

ಒಂದು ಲೆಕ್ಕ ನೋಡಿ. ಕ್ಷಾರತೆ ಲೀಟರಿಗೆ 200 ಮಿಲಿಗ್ರಾಂ ಇದೆ ಅಂದುಕೊಳ್ಳಿ. ಒಂದು ಕುಂಡಕ್ಕೆ ದಿನಕ್ಕೆ ಒಂದು ಲೀಟರ್ ಹಾಕಿದರೆ 100 ದಿನದಲ್ಲಿ 20 ಗ್ರಾಂ ಸುಣ್ಣದಕಲ್ಲಿನ ಪುಡಿಗೆ ಸಮನಾದದ್ದು ಅದರೊಳಗೆ ಹೋಗುತ್ತದೆ. ಒಂದಿಷ್ಟು ಕೆಳಗೆ ಸೋರಿ ಹೋಗುತ್ತದೆ ನಿಜ. ಆದರೂ 10 ಲೀಟರಿನ ಕುಂಡಕ್ಕೆ ಅದು ಸಣ್ಣ ಪ್ರಮಾಣ ಅಲ್ಲ. ಸುಣ್ಣ ಹಾಕಲಾ ಅಂತ ಕೇಳಿದಿರಿ. ನೀವು ದಿನಾ ಹಾಕುತ್ತಲೇ ಇದ್ದೀರಿ.

ಊಹೆಯ ಮೇಲೆ ಹೋಗುವುದು ಬೇಡ, ಬೇರಿನ ಬಳಿಯ ಪಿಎಚ್ ಅಳೆಯಿರಿ. ಮಣ್ಣು ಪರೀಕ್ಷೆಯ ಚೀಟಿಯಲ್ಲಿ ರಸಸಾರ ಅಂತ ಬರೆಯುವುದು ಇದನ್ನೇ. ಕುಂಡಕ್ಕೆ ಚೆನ್ನಾಗಿ ನೀರು ಹಾಕಿ, ಅರ್ಧದಿಂದ ಒಂದು ಗಂಟೆ ಬಿಡಿ. ಕೆಳಗೆ ತಟ್ಟೆ ಇಟ್ಟು, ಮೇಲಿಂದ 100 ಮಿಲಿಲೀಟರಿನಷ್ಟು ಬಟ್ಟಿ ಇಳಿಸಿದ ನೀರನ್ನು ಸುತ್ತಲೂ ನಿಧಾನವಾಗಿ ಸುರಿಯಿರಿ. ಅದು ಬೇರಿನ ನಡುವೆ ಇದ್ದ ನೀರನ್ನು ಕೆಳಕ್ಕೆ ತಳ್ಳುತ್ತದೆ. ತಟ್ಟೆಗೆ ಬಂದ ಮೊದಲ 50 ಮಿಲಿಲೀಟರನ್ನು ಅಳೆದರೆ ಸಾಕು. ಪಿಎಚ್ ಪೆನ್ ಬಳಸುವುದಾದರೆ ಪಿಎಚ್ ಮೊದಲೇ ಗೊತ್ತಿರುವ 4 ಮತ್ತು 7ರ ಬಫರ್ ದ್ರಾವಣದಲ್ಲಿ ಸರಿಹೊಂದಿಸಿ, ಅದರ ತುದಿ ಒಣಗದಂತೆ ಇಡಿ. ಮಣ್ಣಿಗೆ ಚುಚ್ಚುವ ಎರಡು ಕಡ್ಡಿಯ, ಬ್ಯಾಟರಿ ಇಲ್ಲದ ಅಗ್ಗದ ಮೀಟರುಗಳನ್ನು ಮಾತ್ರ ನಂಬಬೇಡಿ. ಅವು ತೇವಾಂಶ ಬದಲಾದರೆ ಪಿಎಚ್ ಬದಲಾಯಿತು ಅನ್ನುತ್ತವೆ.

ಕೋಕೋಪೀಟ್ ಜಾಸ್ತಿ ಇರುವ ಮಿಶ್ರಣದಲ್ಲಿ 5.5ರಿಂದ 6.5 ಒಳ್ಳೆಯದು. ಮಣ್ಣು ಜಾಸ್ತಿ ಇದ್ದರೆ 6ರಿಂದ 7 ನಡೆಯುತ್ತದೆ. ನಿಮ್ಮದು 7 ದಾಟಿರುತ್ತದೆ ಅಂತ ನನ್ನ ಅಂದಾಜು. ಅದೇನಾದರೂ 5ಕ್ಕಿಂತ ಕೆಳಗೆ ಬಂದರೆ ನಾನು ಹೇಳಿದ್ದನ್ನು ಬದಿಗಿಟ್ಟು ಸುಣ್ಣದ ಮಾತಾಡೋಣ.

ಇಳಿಸುವುದು ಹೇಗೆ? ಎಲ್ಲಕ್ಕಿಂತ ಒಳ್ಳೆಯದು ಮಳೆನೀರು. ಅದರಲ್ಲಿ ಕ್ಷಾರತೆ ಇಲ್ಲವೆನ್ನುವಷ್ಟು ಕಡಿಮೆ. ಬೋರ್ ನೀರಿಗೆ ಅಷ್ಟೇ ಪ್ರಮಾಣದ ಮಳೆನೀರು ಬೆರೆಸಿದರೆ ಕ್ಷಾರತೆ ಅರ್ಧವಾಗುತ್ತದೆ. ಸಿಟ್ರಿಕ್ ಆಮ್ಲವೂ ಬಳಸಬಹುದು. 10 ಲೀಟರ್ ನೀರಿಗೆ ಒಂದೂವರೆ ಗ್ರಾಂ ಹಾಕಿದರೆ ಲೀಟರಿಗೆ 100 ಮಿಲಿಗ್ರಾಂನಷ್ಟು ಕ್ಷಾರತೆ ತಟಸ್ಥವಾಗುತ್ತದೆ. ಆದರೆ ಒಂದು ತೊಡಕು ಇದೆ. ಮಣ್ಣಿನ ಸೂಕ್ಷ್ಮಜೀವಿಗಳು ಸಿಟ್ರಿಕ್ ಆಮ್ಲವನ್ನು ತಿಂದುಬಿಡುತ್ತವೆ, ಕ್ಯಾಲ್ಸಿಯಂ ಮತ್ತೆ ಕಾರ್ಬೊನೇಟ್ ಆಗುತ್ತದೆ. ವಿನೆಗರಿನ ಕಥೆಯೂ ಅಷ್ಟೇ. ಹಾಗಾಗಿ ಇದು ಪ್ರತಿ ಸಲ ನೀರಿನ ಜೊತೆ ಹಾಕಬೇಕಾದ ತಾತ್ಕಾಲಿಕ ಉಪಾಯ. ಬಾಳಿಕೆ ಬರುವಂತೆ ಇಳಿಸಬೇಕಾದರೆ ಗಂಧಕದ ಪುಡಿ. ಬ್ಯಾಕ್ಟೀರಿಯಾಗಳು ಅದನ್ನು ಸಲ್ಫ್ಯೂರಿಕ್ ಆಮ್ಲವಾಗಿ ಮಾರ್ಪಡಿಸಬೇಕು, ವಾರಗಟ್ಟಲೆ ಹಿಡಿಯುತ್ತದೆ. ಕುಂಡದಲ್ಲಿ ಕೈ ಜಾರಿ ಜಾಸ್ತಿ ಬಿದ್ದರೆ ಬೇರು ಸುಡುತ್ತದೆ. ದಾಸವಾಳದಂತೆ ವರ್ಷಗಟ್ಟಲೆ ಇರುವ ಗಿಡಕ್ಕೆ ಚಿಟಿಕೆ ಲೆಕ್ಕದಲ್ಲಿ ಸರಿ, ಮೂರು ತಿಂಗಳ ಟೊಮೆಟೊಗೆ ಬೇಡ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಆರ್‌ಒ ಯಂತ್ರದಿಂದ ಹೊರಬೀಳುವ ನೀರನ್ನು ದಂಡ ಮಾಡಬಾರದು ಅಂತ ಗಿಡಕ್ಕೆ ಹಾಕುವವರು ಇದ್ದಾರೆ. ಉದ್ದೇಶ ಒಳ್ಳೆಯದು, ಆದರೆ ಬೋರ್ ನೀರಿನ ಉಪ್ಪು ಮತ್ತು ಕ್ಷಾರತೆ ಅದರಲ್ಲಿ ಇನ್ನೂ ಗಟ್ಟಿಯಾಗಿರುತ್ತದೆ. ನೆಲ ಒರೆಸಲು ಬಳಸಿ.

ಇನ್ನು ಮಿಶ್ರಣ. ಸಮಪಾಲು ಸೂತ್ರ ಎಲ್ಲೆಡೆ ಓಡಾಡುತ್ತದೆ, ನೆನಪಿಡಲು ಸುಲಭ ಅಂತ ಇರಬೇಕು. ಅದರಲ್ಲಿ ನನಗೆ ಎರಡು ತಕರಾರು. ಗಾಳಿಗೆ ಜಾಗ ಮಾಡಿಕೊಡುವ ದಪ್ಪ ಕಣ ಅದರಲ್ಲಿ ಒಂದೂ ಇಲ್ಲ. ಮತ್ತೆ ಮೂರನೇ ಒಂದು ಪಾಲು ಕಾಂಪೋಸ್ಟ್ ಅನ್ನುವುದು ಜಾಸ್ತಿಯಾಯಿತು.

ನೆಲದಲ್ಲಿ ಒಳ್ಳೆಯದಾಗಿರುವ ಮಣ್ಣು ಕುಂಡದಲ್ಲಿ ಯಾಕೆ ಕೆಡುತ್ತದೆ ಗೊತ್ತಾ? ನೆಲದಲ್ಲಿ ನೀರನ್ನು ಕೆಳಗಿನ ಮಣ್ಣು ಎಳೆದುಕೊಳ್ಳುತ್ತಾ ಹೋಗುತ್ತದೆ. ಕುಂಡದಲ್ಲಿ ತಳಕ್ಕೆ ಬಂದ ನೀರಿಗೆ ಮುಂದೆ ದಾರಿ ಇಲ್ಲ. ರಂಧ್ರ ಇದ್ದರೂ ಮಣ್ಣಿನ ಸಣ್ಣ ಸಂದುಗಳು ಅದನ್ನು ಹಿಡಿದುಕೊಂಡೇ ಇರುತ್ತವೆ, ತಳದಲ್ಲಿ ಒಂದು ಪದರ ಸದಾ ನೆನೆದೇ ಇರುತ್ತದೆ. ನೆನೆದ ಸ್ಪಂಜನ್ನು ಮಲಗಿಸಿ ಹಿಡಿದು, ತೊಟ್ಟಿಕ್ಕುವುದು ನಿಂತ ಮೇಲೆ ನೆಟ್ಟಗೆ ನಿಲ್ಲಿಸಿ ನೋಡಿ. ಇನ್ನಷ್ಟು ನೀರು ಇಳಿಯುತ್ತದೆ. ಸ್ಪಂಜು ಅದೇ, ಎತ್ತರ ಮಾತ್ರ ಬದಲಾಯಿತು. ಕುಂಡದಲ್ಲೂ ಹಾಗೆಯೇ. ಒದ್ದೆ ಪದರ ಎಷ್ಟು ದಪ್ಪ ಅನ್ನುವುದನ್ನು ಮಿಶ್ರಣ ತೀರ್ಮಾನಿಸುತ್ತದೆ, ಕುಂಡದ ಎತ್ತರ ಅಲ್ಲ. ಹಾಗಾಗಿ ಗಿಡ್ಡ ಕುಂಡದಲ್ಲಿ ಬೇರಿಗೆ ಒಣ ಜಾಗ ತೀರಾ ಕಡಿಮೆ ಉಳಿಯುತ್ತದೆ. ತಳಕ್ಕೆ ಜಲ್ಲಿ ಹಾಕಿದರೆ ನೀರು ಬೇಗ ಬಸಿಯುತ್ತದೆ ಅನ್ನುವುದೂ ತಪ್ಪು. ಜಲ್ಲಿಯ ದೊಡ್ಡ ಸಂದುಗಳಿಗೆ ನೀರು ಸುಲಭವಾಗಿ ಇಳಿಯುವುದಿಲ್ಲ, ಮಣ್ಣಿನ ತುದಿಯಲ್ಲೇ ನಿಲ್ಲುತ್ತದೆ. ಒದ್ದೆ ಪದರ ಜಲ್ಲಿಯ ಎತ್ತರದಷ್ಟು ಮೇಲಕ್ಕೆ ಬಂದು ಬೇರಿಗೆ ಇನ್ನೂ ಹತ್ತಿರವಾಗುತ್ತದೆ. ರಂಧ್ರದಿಂದ ಮಣ್ಣು ಬೀಳದಂತೆ ಒಂದು ಬಲೆ ತುಂಡೋ ಹೆಂಚಿನ ಚೂರೋ ಸಾಕು.

ನೀರು ಬಸಿದ ಮೇಲೂ ಮಿಶ್ರಣದ 10ರಿಂದ 20 ಶೇಕಡಾ ಜಾಗದಲ್ಲಿ ಗಾಳಿ ಇರಬೇಕು. ಅದಕ್ಕೆ ದಪ್ಪ ಕಣ ಬೇಕು: ಪರ್ಲೈಟ್ (ಕಾಯಿಸಿ ಉಬ್ಬಿಸಿದ ಹಗುರವಾದ ಬಿಳಿ ಕಲ್ಲಿನ ಕಣ), ಸಣ್ಣ ಜಲ್ಲಿಯಂಥ ದಪ್ಪ ಮರಳು ಅಥವಾ ಸುಡದ ಭತ್ತದ ಹೊಟ್ಟು. ನುಣ್ಣನೆ ಮರಳು ಬೇಡ, ಅದು ಇರುವ ಸಂದುಗಳನ್ನೂ ತುಂಬಿಬಿಡುತ್ತದೆ. ಸುಟ್ಟ ಭತ್ತದ ಹೊಟ್ಟು ಗಾಳಿಗೆ ಒಳ್ಳೆಯದೇ, ಆದರೆ ಕ್ಷಾರದ ಕಡೆಗಿರುತ್ತದೆ. ನಿಮ್ಮ ನೀರಿಗೆ ಅದು ಜೊತೆಯಾಗುವುದು ಬೇಡ.

ನಾನಾದರೆ ಹತ್ತು ಬುಟ್ಟಿ ಮಿಶ್ರಣಕ್ಕೆ ನಾಲ್ಕು ಬುಟ್ಟಿ ಕೋಕೋಪೀಟ್, ಎರಡು ಕೆಂಪು ಮಣ್ಣು, ಎರಡು ಕಾಂಪೋಸ್ಟ್, ಎರಡು ಪರ್ಲೈಟ್ ಅಥವಾ ಹೊಟ್ಟು ಹಾಕುತ್ತೇನೆ. ತೂಕ ಅಲ್ಲ, ಬುಟ್ಟಿ ಲೆಕ್ಕ. ಕೋಕೋಪೀಟನ್ನು ಎರಡು ಮೂರು ನೀರಿನಲ್ಲಿ ತೊಳೆದು ಹಿಂಡಿ. ತೊಳೆಯದ ಪೀಟಿನಲ್ಲಿ ಸೋಡಿಯಂ, ಪೊಟ್ಯಾಶಿಯಂ ಉಪ್ಪು ಇರುತ್ತದೆ, ಜೊತೆಗೆ ಅದು ಗಿಡಕ್ಕೆ ಸೇರಬೇಕಾದ ಕ್ಯಾಲ್ಸಿಯಮ್ಮನ್ನು ತಾನೇ ಹಿಡಿದುಕೊಳ್ಳುತ್ತದೆ. ದಾಸವಾಳಕ್ಕೆ ಮಣ್ಣು ಒಂದು ಬುಟ್ಟಿ ಜಾಸ್ತಿ, ಪೀಟ್ ಒಂದು ಬುಟ್ಟಿ ಕಡಿಮೆ. ಹೆಚ್ಚು ಕಾಲ ಕುಸಿಯದೆ ನಿಲ್ಲಬೇಕಲ್ವಾ.

ಕಾಂಪೋಸ್ಟ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ನಾಲ್ಕು ಬೆರಳಿನ ಕುಸಿತ ಅಲ್ಲಿಂದಲೇ ಬಂದದ್ದು. ಎರಡು ತಿಂಗಳ ಕಾಂಪೋಸ್ಟ್ ನೋಡಲು ಕಪ್ಪಗೆ ಪುಡಿಪುಡಿಯಾಗಿ ಇರಬಹುದು, ಆದರೆ ಎಷ್ಟೋ ಸಲ ಒಳಗೆ ಕೊಳೆಯುವ ಕೆಲಸ ಮುಗಿದಿರುವುದಿಲ್ಲ. ಅದು ಕುಂಡದಲ್ಲಿ ಮುಂದುವರಿಯುತ್ತದೆ. ಆಗ ಮೂರು ನಷ್ಟ. ಸೂಕ್ಷ್ಮಜೀವಿಗಳು ಬೇರಿನ ಬಳಿಯ ಆಮ್ಲಜನಕ ಬಳಸಿಕೊಳ್ಳುತ್ತವೆ. ಇಂಗಾಲ ಜಾಸ್ತಿ ಉಳಿದಿದ್ದರೆ ಗಿಡಕ್ಕೆ ಸಿಗಬೇಕಾದ ಸಾರಜನಕವನ್ನೂ ಅವೇ ತೆಗೆದುಕೊಳ್ಳುತ್ತವೆ. ಮತ್ತೆ ಮಿಶ್ರಣ ಕುಗ್ಗಿ ಸಂದುಗಳು ಮುಚ್ಚುತ್ತವೆ.

ಗುಡ್ಡೆ ಹಾಕುವಾಗ ಇಂಗಾಲ ಮತ್ತು ಸಾರಜನಕದ ಅನುಪಾತ 25ರಿಂದ 30ಕ್ಕೆ ಒಂದು ಇರಲಿ. ಕೈಲೆಕ್ಕದಲ್ಲಿ ಹೇಳಬೇಕೆಂದರೆ ಒಂದು ಬುಟ್ಟಿ ಹಸಿ ತರಕಾರಿ ಸಿಪ್ಪೆಗೆ ಎರಡು ಬುಟ್ಟಿ ಒಣ ತರಗೆಲೆ. ಹಿಂಡಿದರೆ ಒಂದೆರಡು ಹನಿ ಬರುವಷ್ಟು ತೇವ. ದೊಡ್ಡ ಗುಡ್ಡೆಯಾದರೆ ಒಳಗೆ 55ರಿಂದ 65 ಡಿಗ್ರಿ ಸೆಲ್ಸಿಯಸ್ ಬಿಸಿ ಏರುತ್ತದೆ. ಆ ಬಿಸಿ ಕೆಲವು ದಿನ ನಿಂತು, ಹೊರಗಿನದು ಒಳಗೆ ಹೋಗುವಂತೆ ತಿರುವಿದರೆ ಕಳೆ ಬೀಜ, ರೋಗಾಣು ಬಹುತೇಕ ಸಾಯುತ್ತವೆ. ಮನೆಯ ಸಣ್ಣ ಬುಟ್ಟಿ ಅಷ್ಟು ಬಿಸಿಯಾಗುವುದಿಲ್ಲ. ಪರವಾಗಿಲ್ಲ, ಆದರೆ ರೋಗ ಬಂದ ಟೊಮೆಟೊ ಗಿಡವನ್ನು ಅದಕ್ಕೆ ಹಾಕಬೇಡಿ. ಬಿಸಿ ಇಳಿದ ಮೇಲೆ ಇನ್ನೂ ಒಂದೆರಡು ತಿಂಗಳು ಸುಮ್ನೆ ಬಿಡಬೇಕು. ಬಹಳ ಜನ ಬಿಟ್ಟುಬಿಡುವುದು ಈ ಹಂತವನ್ನೇ.

ಪಿಎಚ್ ಇಲ್ಲಿಯೂ ಏರಿಳಿಯುತ್ತದೆ. ಮೊದಲ ದಿನಗಳಲ್ಲಿ ಸಾವಯವ ಆಮ್ಲಗಳಿಂದ 5ರ ಹತ್ತಿರ ಇಳಿಯಬಹುದು. ಆಮೇಲೆ ಅಮೋನಿಯಾ ಬಂದು 8 ದಾಟುತ್ತದೆ. ಮಾಗಿದ ಮೇಲೆ 7ರಿಂದ 8ರ ನಡುವೆ ನಿಲ್ಲುತ್ತದೆ. ಅಂದರೆ ನಿಂಬೆ, ಕಿತ್ತಳೆ ಸಿಪ್ಪೆ ಹಾಕಿದರೆ ಗೊಬ್ಬರ ಹುಳಿಯಾಗುತ್ತದೆ ಅನ್ನುವ ಹೆದರಿಕೆ ಬೇಡ, ಆ ಆಮ್ಲಗಳು ಉಳಿಯುವುದಿಲ್ಲ. ಗುಡ್ಡೆ ಹುಳಿ ವಾಸನೆ ಬಂತು ಅಂತ ಅದಕ್ಕೂ ಸುಣ್ಣ ಎರಚುವುದು ಬೇಡ. ಪಿಎಚ್ ಏರಿದಷ್ಟೂ ಸಾರಜನಕ ಅಮೋನಿಯಾ ಗಾಳಿಯಾಗಿ ಹಾರಿಹೋಗುತ್ತದೆ. ವಾಸನೆ ಬಂದರೆ ತರಗೆಲೆ ಬೆರೆಸಿ ತಿರುವಿ, ಸಾಕು.

ಮಾಗಿದೆಯೇ ಅಂತ ತಿಳಿಯಲು ತೇವದ ಕಾಂಪೋಸ್ಟನ್ನು ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ ಗಾಳಿಯಾಡದಂತೆ ಕಟ್ಟಿ ಒಂದು ವಾರ ಇಡಿ. ಬಿಚ್ಚಿದಾಗ ಮಣ್ಣಿನ ವಾಸನೆ ಬಂದರೆ ಮಾಗಿದೆ. ಹುಳಿ, ಅಮೋನಿಯಾ ಅಥವಾ ಕೊಳೆತ ವಾಸನೆ ಬಂದರೆ ಇಲ್ಲ. ಇನ್ನೊಂದು, ಅದರಲ್ಲಿ ಒಂದಿಷ್ಟು ಮೂಲಂಗಿ ಬೀಜ, ಬರೀ ತೊಳೆದ ಕೋಕೋಪೀಟಿನಲ್ಲಿ ಒಂದಿಷ್ಟು ಬೀಜ ಬಿತ್ತಿ. ಪೀಟಿನಲ್ಲಿ ಹುಟ್ಟಿ ಕಾಂಪೋಸ್ಟಿನಲ್ಲಿ ಹುಟ್ಟದಿದ್ದರೆ, ಅಥವಾ ಬೇರಿನ ತುದಿ ಕಂದಾಗಿದ್ದರೆ ಇನ್ನೂ ಕಾಯಬೇಕು.

ಮಾಗಿದ್ದೇ ಆದರೂ ಕುಂಡದಲ್ಲಿ ಐದನೇ ಒಂದು ಪಾಲು, ಹೆಚ್ಚೆಂದರೆ ನಾಲ್ಕನೇ ಒಂದು ಪಾಲು ಸಾಕು. ಜಾಸ್ತಿ ಹಾಕಿದರೆ ಉಪ್ಪು ಜಾಸ್ತಿ, ರಂಜಕ ಜಾಸ್ತಿ. ರಂಜಕ ವಿಪರೀತವಾದರೆ ಕಬ್ಬಿಣ ಮತ್ತು ಸತು ಸಿಗುವುದಕ್ಕೆ ಅದೂ ಅಡ್ಡ ಬರುತ್ತದೆ.

ಇನ್ನು ಕುಂಡಕ್ಕೆ ಬೀಳುವ ಅದು ಇದು. ಮೊಟ್ಟೆ ಸಿಪ್ಪೆ ಕರಗಲು ಬಹಳ ಕಾಲ ಬೇಕು, ಒಳ್ಳೆಯದೂ ಇಲ್ಲ ಕೆಟ್ಟದ್ದೂ ಇಲ್ಲ. ಬಳಸಿದ ಕಾಫಿ ಪುಡಿ ಜನ ಅಂದುಕೊಂಡಷ್ಟು ಹುಳಿಯಲ್ಲ, ಹುಳಿ ಬಹುಪಾಲು ಲೋಟಕ್ಕೇ ಹೋಗಿರುತ್ತದೆ. ಕಾಂಪೋಸ್ಟಿಗೆ ಹಾಕಿ. ಒಲೆ ಬೂದಿ ಪಿಎಚ್ ಏರಿಸುತ್ತದೆ, ನಿಮಗೆ ಬೇಡವೇ ಬೇಡ. ಜಿಪ್ಸಂ ಕ್ಯಾಲ್ಸಿಯಂ ಕೊಡುತ್ತದೆ, ಪಿಎಚ್ ಏರಿಸುವುದಿಲ್ಲ. ಅದನ್ನು ಸುಣ್ಣದ ಬದಲು ಅಂತ ತಿಳಿಯುವವರು ಬಹಳ. ಟೊಮೆಟೊ ಕಾಯಿಯ ತಳ ಕಪ್ಪಾದರೂ ಮೊದಲು ಸರಿಮಾಡಬೇಕಾದದ್ದು ನೀರು ಹಾಕುವ ಕ್ರಮ. ಒಂದು ದಿನ ಬತ್ತಿಸಿ ಇನ್ನೊಂದು ದಿನ ತೋಯಿಸಿದರೆ ಕ್ಯಾಲ್ಸಿಯಂ ಕಾಯಿಗೆ ತಲುಪುವುದಿಲ್ಲ.

ಈಗಿರುವ ಗಿಡಗಳಿಗೆ ಏನು ಮಾಡಬಹುದು? ಕಾಯಿ ಬಿಟ್ಟ ಟೊಮೆಟೊವನ್ನು ಕಿತ್ತು ಬೇರೆ ಮಿಶ್ರಣಕ್ಕೆ ಹಾಕಲು ಹೋಗಬೇಡಿ. ಕುಂಡದ ಗಾತ್ರದ ಒಂದೂವರೆ ಪಟ್ಟು ಮಳೆನೀರನ್ನು ನಿಧಾನವಾಗಿ ಹಾಯಿಸಿ, ಪೂರ್ತಿ ಬಸಿಯಲು ಬಿಡಿ. ಕೆಳಗಿನ ತಟ್ಟೆಯ ನೀರು ಚೆಲ್ಲಿ. ಎರಡು ದಿನ ಬಿಟ್ಟು ಕೀಲೇಟೆಡ್ ಕಬ್ಬಿಣ ಕೊಡಿ, ಅಂದರೆ ಕರಗಿದಂತೆಯೇ ಉಳಿಯಲು ಇನ್ನೊಂದು ರಾಸಾಯನಿಕ ಹಿಡಿದುಕೊಂಡಿರುವ ಕಬ್ಬಿಣ. ಪೊಟ್ಟಣದ ಮೇಲೆ ಯಾವ ಬಗೆ ಅಂತ ನೋಡಿ. ಇಡಿಟಿಎ ಕಬ್ಬಿಣ ಪಿಎಚ್ 6.5ರ ಆಚೆ ಹಿಡಿತ ಕಳೆದುಕೊಳ್ಳುತ್ತದೆ, ಡಿಟಿಪಿಎ 7.5ರ ತನಕ ನಡೆಯುತ್ತದೆ, ಇಡಿಡಿಎಚ್‌ಎ ಅದಕ್ಕೂ ಮೇಲೆ. ನಿಮ್ಮ ಕುಂಡಕ್ಕೆ ಕೊನೆಯದೇ ಸರಿ, ಪೊಟ್ಟಣದ ಮೇಲೆ ಹೇಳಿದ ಪ್ರಮಾಣದಲ್ಲಿ ಮಣ್ಣಿಗೆ. ಬರೀ ಫೆರಸ್ ಸಲ್ಫೇಟ್ ಮಣ್ಣಿಗೆ ಹಾಕಿದರೆ ಕೆಲವೇ ದಿನದಲ್ಲಿ ಕರಗದ ತುಕ್ಕಾಗಿ ಕೂರುತ್ತದೆ. ಗೊಬ್ಬರ ಕೊಡುವುದಿದ್ದರೆ ಅಮೋನಿಯಂ ಸಲ್ಫೇಟ್ ತುಸುವೇ ತುಸು ಕೊಡಬಹುದು. ಅಮೋನಿಯಂ ಹೀರುವಾಗ ಬೇರು ಆಮ್ಲ ಹೊರಬಿಡುತ್ತದೆ, ಪಿಎಚ್ ಇಳಿಯಲು ಅದೂ ಸಹಾಯ. ನೈಟ್ರೇಟ್ ಗೊಬ್ಬರ ಇದಕ್ಕೆ ಉಲ್ಟಾ.

ಕುಸಿದ ಜಾಗವನ್ನು ಹೊಸ ಮಿಶ್ರಣದಿಂದ ತುಂಬಿ, ಬರೀ ಕಾಂಪೋಸ್ಟಿನಿಂದ ಅಲ್ಲ. ಟೊಮೆಟೊ ಕಾಂಡ ಮುಚ್ಚಿದರೆ ಅಲ್ಲೇ ಹೊಸ ಬೇರು ಬಿಡುತ್ತದೆ, ತೊಂದರೆ ಇಲ್ಲ. ಮೆಣಸು, ದಾಸವಾಳದ ಕಾಂಡದ ಸುತ್ತ ಮಾತ್ರ ಏರಿಸಬೇಡಿ, ಬುಡ ಕೊಳೆಯಬಹುದು. ದಾಸವಾಳವನ್ನು ಅನುಕೂಲವಾದಾಗ ಹೊಸ ಮಿಶ್ರಣಕ್ಕೆ ಬದಲಾಯಿಸಿಬಿಡಿ.

ಹಳದಿಯಾಗಿರುವ ಎಲೆ ಪೂರ್ತಿ ಹಸಿರಾಗುತ್ತದೆ ಅಂತ ಕಾಯಬೇಡಿ. ಎರಡು ವಾರದಲ್ಲಿ ಬರುವ ಹೊಸ ಚಿಗುರು ನೋಡಿ. ಅದೂ ಹಳದಿಯೇ ಆಗಿದ್ದರೆ ಮೆಣಸಿನ ಗಿಡವೊಂದನ್ನು ಕುಂಡದಿಂದ ಮೆಲ್ಲಗೆ ಜಾರಿಸಿ ಬೇರು ನೋಡಿ. ಬೇರು ಬೆಳ್ಳಗಿದ್ದರೆ ಇನ್ನೊಮ್ಮೆ ಕಬ್ಬಿಣ ಕೊಟ್ಟು ನೀರಿನ ಕ್ಷಾರತೆ ಪರೀಕ್ಷಿಸಿ. ಕಂದಾಗಿ ಮೆತ್ತಗಾಗಿ ಕೆಟ್ಟ ವಾಸನೆ ಬಂದರೆ ಕಬ್ಬಿಣ ಕೊಟ್ಟು ಪ್ರಯೋಜನ ಇಲ್ಲ. ನೀರು ಹಾಕುವ ಮೊದಲು ಬೆರಳು ಎರಡು ಗೆಣ್ಣು ಒಳಗಿಟ್ಟು ನೋಡಿ, ಒಣಗಿದ್ದರೆ ಮಾತ್ರ ಹಾಕಿ.